ತಲೆ ಎಣಿಸುವ ಕೆಲಸ

ಹೊನ್ನಾವರದ ಕಡೆಯ ನಮಗೆ ಹಡಗೆಂದರೆ ದೂರದ ದೀಪ. ರಾತ್ರಿ ಊಟ ಮುಗಿಸಿ ಕಾಸರಕೋಡಿನ ದಂಡೆಯಲ್ಲಿ ಗಾಳಿಗೆ ಕೂತರೆ, ಒಮ್ಮೊಮ್ಮೆ ಸಮುದ್ರದ ಆಚೆ ಅಂಚಿನಲ್ಲಿ ಸಣ್ಣದೊಂದು ಪೇಟೆಯಷ್ಟು ದೀಪಗಳು ಸಾಲಾಗಿ ಬಡಗಿನಿಂದ ತೆಂಕಿಗೆ ಸರಿದುಹೋಗುತ್ತವೆ. ನಮ್ಮಲ್ಲಿ ಯಾವುದೂ ನಿಲ್ಲುವುದಿಲ್ಲ. ನಿಲ್ಲಲಿಕ್ಕೆ ಜಾಗವೂ ಇಲ್ಲವೆನ್ನಿ. ಶರಾವತಿಯ ಅಳಿವೆಯಲ್ಲಿ ಮರಳು ಕೂತು ಮೀನಿನ ಬೋಟುಗಳೇ ಒಳಗೆ ಬರಲು ತಿಣುಕಾಡುತ್ತವೆ.

ಅಂಥ ಹಡಗುಗಳು ನಿಲ್ಲುವುದು ಮಂಗಳೂರಿನ ಪಣಂಬೂರಿನಲ್ಲಿ. ನನ್ನ ತಂಗಿಯ ಮಗ ಅಲ್ಲಿ ಗೈಡು. ಕೋವಿಡ್ ಕಾಲದಲ್ಲಿ ನಿಂತುಹೋಗಿದ್ದ ಕ್ರೂಸ್ ಹಡಗುಗಳು 2022ರ ನವೆಂಬರಿನಿಂದ ಮತ್ತೆ ಬರತೊಡಗಿದ ಮೇಲೆ ಅವನಿಗೂ ಕೈತುಂಬ ಕೆಲಸ ಬಂತು. ಮಳೆಗಾಲ ಕಳೆದು ಮುಂದಿನ ಬೇಸಗೆಯವರೆಗೆ ಅವರ ಸುಗ್ಗಿ. ಬೆಳಿಗ್ಗೆ ಇಳಿದವರನ್ನು ಬಸ್ಸಿಗೆ ಹತ್ತಿಸಿ, ಕುದ್ರೋಳಿ ದೇವಸ್ಥಾನ, ಗೇರುಬೀಜದ ಕಾರ್ಖಾನೆ, ಮೊಶೇನಿ ಎಂಬ ಇಟಲಿಯ ಜೆಸ್ವಿಟ್ ಬ್ರದರ್ ಗೋಡೆ ತುಂಬ ಚಿತ್ರ ಬರೆದ ಅಲೋಶಿಯಸ್ ಚಾಪೆಲ್ಲು, ಮೂಡಬಿದಿರೆಯ ಸಾವಿರ ಕಂಬದ ಬಸದಿ ಎಂದು ತೋರಿಸಿ, ಸಂಜೆಯೊಳಗೆ ಹಡಗಿಗೆ ಮುಟ್ಟಿಸಬೇಕು. ಹಡಗು ಯಾರಿಗೂ ಕಾಯುವುದಿಲ್ಲ.

ಕಳೆದ ಜನವರಿಯಲ್ಲಿ ಅವನ ಮನೆಗೆ ಹೋಗಿದ್ದೆ. "ಮಾವಾ, ನಾಳೆ ಬಸ್ಸಲ್ಲಿ ಬಂದುಬಿಡು. ನಾನು ಹೇಳೂದ್ರಲ್ಲಿ ತಪ್ಪಿದ್ರೆ ಹೇಳು. ಹೈಸ್ಕೂಲಲ್ಲಿ ಇತಿಹಾಸ ಕಲಿಸ್ದವ ಅಲ್ವಾ ನೀನು" ಅಂದ. ಮೈಕು ಹಿಡಿಯಲು ನನಗೆ ಲೈಸೆನ್ಸಿಲ್ಲ. ಆದ್ದರಿಂದ ನನ್ನ ಕೈಗೆ ಬಂದದ್ದು ‘7’ ಎಂದು ಬರೆದ, ಹಿಡಿಕೆ ಇರುವ ಒಂದು ಹಲಗೆ. ಗುಂಪಿನ ಬಾಲದಲ್ಲಿ ನಡೆಯುವುದು, ತಲೆ ಎಣಿಸುವುದು. ಮೂವತ್ತು ಚಿಲ್ಲರೆ ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದವನಿಗೆ ನಿವೃತ್ತಿಯ ಮೇಲೂ ಅದೇ ಕೆಲಸ.

ಬಂದರಿನಲ್ಲಿ ಚೆಂಡೆ ಬಾರಿಸಿ ಸ್ವಾಗತ. ಕಿರೀಟ ಕಟ್ಟಿದ ಯಕ್ಷಗಾನದ ವೇಷವೊಂದು ಬಿಸಿಲಲ್ಲಿ ಬೆವರುತ್ತ ಎಲ್ಲರ ಜೊತೆ ಫೋಟೋಕ್ಕೆ ನಿಂತಿತ್ತು. ತೆಂಕುತಿಟ್ಟಿನ ವೇಷ. ಕೆರೆಮನೆಯವರ ಮೇಳದ ಆಟ ನೋಡಿ ಬೆಳೆದ ನನಗೆ, ಆ ವೇಷ ಒಂದು ಮಾತನ್ನೂ ಆಡದೆ ನಿಂತದ್ದು ನೋಡಿ ಕಸಿವಿಸಿಯಾಯಿತು. ಆದರೆ ಪಾಪ, ಅವನಿಗೂ ಅದು ದುಡಿಮೆಯೇ. ನಮ್ಮ ಬಸ್ಸಿನಲ್ಲಿ ಮೂವತ್ತೆಂಟು ಜನ. ಹೆಚ್ಚಿನವರು ನನಗಿಂತ ಹಿರಿಯರು. ಹತ್ತುವಾಗಲೇ ಎರಡು ಸಲ ಎಣಿಸಿದೆ.

ಮೂಡಬಿದಿರೆಗೆ ಒಂದು ತಾಸಿನ ದಾರಿ. ಬಸದಿಗೆ ಕೊಟ್ಟ ಸಮಯ ನಲವತ್ತೈದು ನಿಮಿಷ. ಅದರಲ್ಲಿ ಬೂಟು ಬಿಚ್ಚುವುದಕ್ಕೇ ಎಂಟು ಹತ್ತು ನಿಮಿಷ ಹೋಯಿತು. ಕಾದ ಕಲ್ಲಿನ ಮೇಲೆ ಕಾಲುಚೀಲದಲ್ಲಿ ಕುಣಿಯುತ್ತ ಎಲ್ಲರೂ ನೆರಳಿಗೆ ಓಡಿದರು. ಅಳಿಯ ಚೆನ್ನಾಗಿಯೇ ಮಾತಾಡಿದ. 1430ರಲ್ಲಿ ಕಟ್ಟಿದ್ದು, ತ್ರಿಭುವನ ತಿಲಕ ಚೂಡಾಮಣಿ ಎಂಬುದು ಅದರ ನಿಜ ಹೆಸರು, ಒಳಗಿರುವವನು ಚಂದ್ರನಾಥ, ಮಳೆ ಜಾಸ್ತಿಯಾದ್ದರಿಂದ ಮಾಡು ಇಳಿಜಾರು, ಇವೆಲ್ಲ ಸರಿಯೇ. ಆದರೆ "ಸಾವಿರ ಕಂಬ, ಒಂದರಂತೆ ಇನ್ನೊಂದಿಲ್ಲ" ಅಂದಾಗ ನಾನು ಹಿಂದಿನಿಂದ ಕೆಮ್ಮಿದೆ. ಎಣಿಸಿದವರ್ಯಾರು? ಅವನು ಕೇಳದವನ ಹಾಗೆ ಮುಂದೆ ಹೋದ. ಆಮೇಲೆ ಕಿವಿಯಲ್ಲಿ, "ಮಾವಾ, ಅವರು ಊರಿಗೆ ಹೋಗಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ತ್ರು. ಅದು ಇದೇ ಆಗ್ಲಿ" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಬಾಯಿ ಸುಮ್ಮನಿರಬೇಕಲ್ಲ! ಬಾಲದಲ್ಲಿ ನನ್ನ ಜೊತೆ ನಿಧಾನ ನಡೆಯುತ್ತಿದ್ದ ಒಬ್ಬ ಅಜ್ಜಿಗೆ, ಸ್ಕಾಟ್ಲೆಂಡಿನವಳಂತೆ, ನನ್ನ ಮಾಸ್ತರಿಕೆಯ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: ಮುಂದಿನ ಭೈರಾದೇವಿ ಮಂಟಪದ ಬುಡದ ಕಲ್ಲಿನ ಪಟ್ಟಿಯಲ್ಲಿ ಆನೆ ಕುದುರೆಗಳ ನಡುವೆ ಒಂದು ಜಿರಾಫೆ ಇದೆ, ಚೀನದ ಡ್ರ್ಯಾಗನ್ನೂ ಇದೆ; ಹುಡುಕಿ ನೋಡಿ. ಐನೂರು ವರ್ಷದ ಹಿಂದೆ ಇಲ್ಲಿಯ ಶಿಲ್ಪಿ ಜಿರಾಫೆಯನ್ನು ಕೆತ್ತಿದ್ದಾನೆ ಎಂದರೆ, ಒಂದೋ ಆಫ್ರಿಕದಿಂದ ಪ್ರಾಣಿಯೇ ಹಡಗಿನಲ್ಲಿ ಬಂದಿರಬೇಕು, ಇಲ್ಲವೇ ಹಡಗಿನವರ ಬಾಯಲ್ಲಿ ಅದರ ಸುದ್ದಿ ಬಂದಿರಬೇಕು. ಅಜ್ಜಿಯ ಕಣ್ಣು ಅರಳಿತು.

ಬಸ್ಸು ಹತ್ತಿಸುವಾಗ ಎಣಿಸಿದರೆ ಮೂವತ್ತೇಳು.

ಮತ್ತೆ ಎಣಿಸಿದೆ. ಮೂವತ್ತೇಳೇ. ಅಳಿಯ ಗಡಿಯಾರ ನೋಡಿಕೊಂಡ. ನನಗೋ, ಅಂಗಾಲಿನಿಂದ ತಣ್ಣಗೆ ಏನೋ ಏರಿದಂತಾಯಿತು. ಆ ತಣ್ಣಗಿನದು ನನಗೆ ಹಳೆಯ ಪರಿಚಯ. ಬೂಟು ಬಿಚ್ಚಲೂ ಪುರುಸೊತ್ತಿಲ್ಲದೆ ಬಾಗಿಲಲ್ಲೇ ಕಳಚಿ ಒಳಗೆ ಓಡಿದೆ. ಅಜ್ಜಿ ಮಂಟಪದ ಮೂಲೆಯಲ್ಲಿ ನೆಲಕ್ಕೇ ಕೂತು, ಕನ್ನಡಕ ಹಣೆಗೇರಿಸಿ, ಮೂಗು ಕಲ್ಲಿಗೆ ತಾಗುವಷ್ಟು ಬಗ್ಗಿ ಹುಡುಕುತ್ತಿದ್ದಳು. ಡ್ರ್ಯಾಗನ್ ಸಿಕ್ಕಿತ್ತಂತೆ, ಜಿರಾಫೆ ಸಿಕ್ಕಿರಲಿಲ್ಲ. ನಾನು ಬೆರಳಿಟ್ಟು ತೋರಿಸಿದೆ. ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಕೈಹಿಡಿದು ಎಬ್ಬಿಸಿ ಕರೆತಂದೆ. ನನ್ನ ಕೈ ನಡುಗುತ್ತಿದ್ದದ್ದು ಅವಳಿಗೂ ತಿಳಿಯಿತು. ಬಸ್ಸು ಹದಿನೈದು ನಿಮಿಷ ತಡ, ಹಡಗಿಗೇನೂ ತಡವಾಗಲಿಲ್ಲ.

ವಾಪಸು ಬರುವಾಗ ಪಕ್ಕದಲ್ಲೇ ಕೂರಿಸಿಕೊಂಡಳು. ಹಿಂದಿನ ರಾತ್ರಿ, ಗೋವಾ ಬಿಟ್ಟ ಮೇಲೆ ನಿದ್ದೆ ಬಾರದೆ ಹಡಗಿನ ಬಾಲ್ಕನಿಯಲ್ಲಿ ಕೂತಿದ್ದಳಂತೆ. ಎಡಗಡೆ, ಸಮುದ್ರದಂಚಿಗೆ ಉದ್ದಕ್ಕೂ ದೀಪ ಕಂಡವಂತೆ. "ಅದು ಯಾವ ಪಟ್ಟಣ?" ಎಂದು ಕೇಳಿದಳು. ಲೆಕ್ಕ ಹಾಕಿದೆ. ಸಂಜೆ ಗೋವಾ ಬಿಟ್ಟು ಬೆಳಿಗ್ಗೆ ಪಣಂಬೂರು ಎಂದರೆ ನಡುರಾತ್ರಿ ದಾಟಿದ ಮೇಲೆ ನಮ್ಮ ಸೀಮೆಯೇ. ಪಟ್ಟಣವಲ್ಲ ತಾಯೀ, ಅವು ನಮ್ಮ ಮೀನಿನ ಬೋಟುಗಳು, ಅಂದೆ. ಇಬ್ಬರಿಗೂ ನಗು ಬಂತು. ನಾವು ಅವರ ಹಡಗನ್ನು ಪೇಟೆಯೆನ್ನುತ್ತೇವೆ, ಅವರು ನಮ್ಮ ಬೋಟುಗಳನ್ನು.

ಶುರುವಾಯಿತು ನೋಡಿ ನನ್ನ ಕೊರೆತ. ಒಂದು ಕಾಲಕ್ಕೆ ಹಡಗುಗಳು ನಮ್ಮಲ್ಲೇ ನಿಲ್ಲುತ್ತಿದ್ದವು ಎಂದೆ. 1342ರ ಸುಮಾರಿಗೆ ಇಬ್ನ್ ಬತೂತ ಹೊನ್ನಾವರದಲ್ಲಿ ಇಳಿದು, ಇಲ್ಲಿ ಹುಡುಗಿಯರಿಗೆ ಹದಿಮೂರು, ಹುಡುಗರಿಗೆ ಇಪ್ಪತ್ಮೂರು ಶಾಲೆಗಳಿವೆ ಎಂದು ಬರೆದಿಟ್ಟ. ವಿಜಯನಗರದ ಸೈನ್ಯಕ್ಕೆ ಅರಬ್ಬಿ ಕುದುರೆಗಳು ಇಳಿಯುತ್ತಿದ್ದದ್ದು ಭಟ್ಕಳದಲ್ಲಿ. ಅದಕ್ಕೇ ಪೋರ್ಚುಗೀಸರ ಕಣ್ಣು ಬಿತ್ತು. 1502ರಲ್ಲಿ ವಾಸ್ಕೋ ಡ ಗಾಮನೇ ಬಂದು ಹೆದರಿಸಿ ಹೋದ, 1542ರಲ್ಲಿ ಮತ್ತೊಬ್ಬ ಬಂದು ಊರನ್ನೇ ಸುಟ್ಟ. ಆದರೂ ಭಟ್ಕಳದಲ್ಲಿ ಉಳಿದದ್ದು ಕಡಿಮೆಯಿಲ್ಲ. ಜಟ್ಟಪ್ಪ ನಾಯಕನ ಬಸದಿಯಲ್ಲಿ ಇದೇ ಚಂದ್ರನಾಥನ ಹೆಸರು, ಎದುರಿಗೆ ಮಾನಸ್ತಂಭ. ಮೂಡಭಟ್ಕಳದಲ್ಲಿ ಖೇತಪೈ ಎಂಬ ಕೊಂಕಣಿ ವ್ಯಾಪಾರಿ ಹದಿನಾರನೇ ಶತಮಾನದಲ್ಲಿ ಕಟ್ಟಿಸಿದ ನಾರಾಯಣ ದೇವಸ್ಥಾನ. ಅದರ ಹೊರಗೋಡೆಯ ಕೆತ್ತನೆ ನೋಡಲಿಕ್ಕೇ ಅರ್ಧ ದಿನ ಬೇಕು. ಅಲ್ಲಿಂದ ಹತ್ತಿರದಲ್ಲೇ ನವಾಯತರ ಚಿನ್ನದ ಪಳ್ಳಿ. ಕುದುರೆ, ಮೆಣಸು, ಜವಳಿ ಬಂದ ದಾರಿಯಲ್ಲೇ ಈ ಮೂರೂ ಬಂದವು. ಕುಮಟೆಯದು ಇನ್ನೊಂದು ಕತೆ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ವಿಲಾಯತಿಯ ಗಿರಣಿಗಳಿಗೆ ಹತ್ತಿ ಇಲ್ಲದಾದಾಗ, ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟೆಯಿಂದ ಹಡಗು ಹತ್ತಿತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ವ್ಯಾಪಾರಿಗಳ ಬಾಯಲ್ಲಿ ಅದರ ಹೆಸರು ಕುಮಟಾ ಹತ್ತಿ.

ಮಿರ್ಜಾನ ಕೋಟೆಗೆ ಬರುವಷ್ಟರಲ್ಲಿ ನೋಡಿದರೆ ಅಜ್ಜಿಗೆ ಜೋರು ನಿದ್ದೆ. ತಲೆ ನನ್ನ ಭುಜಕ್ಕೆ ವಾಲಿತ್ತು. ಮೂವತ್ತು ವರ್ಷದಲ್ಲಿ ಇಂಥ ನಿದ್ದೆ ಎಷ್ಟು ನೋಡಿಲ್ಲ! ಬೇಸರವೇನೂ ಆಗಲಿಲ್ಲ. ಹಾಗೆ ನೋಡಿದರೆ ಒಳ್ಳೆಯದೇ ಆಯಿತು. ಮುಂದೆ ಹೇಳಬೇಕಾಗಿದ್ದದ್ದು ಗೇರುಸೊಪ್ಪೆಯನ್ನು. ಅದನ್ನು ಹೇಳುವುದು ನನಗೆ ಕಷ್ಟ.

ಗೇರುಸೊಪ್ಪೆಯ ಚನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದರು. 1552ರಿಂದ 1606ರವರೆಗೆ ಐವತ್ನಾಲ್ಕು ವರ್ಷ ಆಳಿದಳು. ಕೊನೆಗೆ ಕೆಳದಿಯವರು ಸೋಲಿಸಿದರು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಹೊಳೆಗುಂಟ ಬಂದಾಗ, ಇಪ್ಪತ್ತೇ ವರ್ಷದಲ್ಲಿ, ಅರಮನೆಯಲ್ಲೆಲ್ಲ ಮರ ಬೆಳೆದಿದ್ದವು. ಇಂಥ ಚಂದದ ಹೊಳೆಯನ್ನು ತಾನು ನೋಡಿದ್ದೇ ಅಪರೂಪ ಎಂದು ಮೆಚ್ಚಿ ಬರೆದಿದ್ದಾನೆ. ಈಗ ಉಳಿದದ್ದು ನಗರಬಸ್ತಿಕೇರಿಯ ಕಾಡಿನೊಳಗೆ ಕೆಲವು ಗುಡಿಗಳು, ಮತ್ತೆ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಡುವಿನ ಗರ್ಭಗುಡಿಯಲ್ಲಿ ನಾಲ್ಕು ಕಡೆಗೆ ಮುಖ ಮಾಡಿ ಕೂತ ನಾಲ್ಕು ತೀರ್ಥಂಕರರು. ಯಾವ ಬಾಗಿಲಿಂದ ಹೋದರೂ ಒಬ್ಬರು ಎದುರಾಗುತ್ತಾರೆ.

1986ರ ಡಿಸೆಂಬರಿನಲ್ಲಿ ಎಂಟನೇ ತರಗತಿಯ ನಲವತ್ತೊಂದು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಆಗ ಹೊಳೆ ದಾಟಲು ದೋಣಿ. ಅವಲಕ್ಕಿ ತಿಂದು, ಎಲ್ಲ ನೋಡಿ, ಕೊನೆಯ ಬಸ್ಸಿನ ಗಡಿಬಿಡಿಯಲ್ಲಿ ಸಂಜೆ ವಾಪಸು ಹೊರಟೆವು. ದೋಣಿಗೆ ಹತ್ತಿಸುವಾಗ ಎರಡು ಖೇಪಿನಲ್ಲೂ ಎಣಿಸಿದೆ. ನಲವತ್ತೊಂದು ಸರಿಯಾಗಿತ್ತು. ಈಚೆ ದಡದಲ್ಲಿ ಇಳಿದ ಮೇಲೆ ಒಬ್ಬ ಹುಡುಗ ಮನೆಯ ಕಡೆ ಓಡಿದ. ಅವನು ನಮ್ಮವನಲ್ಲ, ದೋಣಿಯ ಆಸೆಗೆ ಹತ್ತಿದ ಆ ಊರಿನ ಹುಡುಗ. ಹಾಗಾದರೆ ನಮ್ಮವನೊಬ್ಬ ಆಚೆಯೇ ಉಳಿದಿದ್ದ.

ಮಕ್ಕಳನ್ನು ಜೊತೆಯ ಮಾಸ್ತರರಿಗೆ ಒಪ್ಪಿಸಿ, ದೋಣಿಯವನ ಕಾಲುಕಟ್ಟುವುದೊಂದು ಬಾಕಿ, ಮತ್ತೆ ದಾಟಿದೆ. ಕಾಡಿನ ದಾರಿಯಲ್ಲಿ ಕತ್ತಲಾಯಿತು. ಅವನ ಹೆಸರು ಕೂಗುತ್ತ ಓಡಿದೆ. ಬಸದಿ ಕಂಡಾಗ ಹುಡುಗ ಅದರ ಸುತ್ತ ನಡೆಯುತ್ತಿದ್ದ. ಮೂಡಣ ಬಾಗಿಲಿಗೆ ಬಂದು ಸ್ವಲ್ಪ ನಿಲ್ಲುವುದು, ಮುಂದಿನ ಬಾಗಿಲಿಗೆ ಹೋಗುವುದು. ನನ್ನನ್ನು ಕಂಡವನು ಅಳಲಿಲ್ಲ. "ಸರ್, ನೀವು ಯಾವ ಬಾಗಿಲಿಗೆ ಬರ್ತ್ರಿ ಹೇಳಿ ಗೊತ್ತಾಗ್ಲಿಲ್ಲ" ಅಂದ. ಒಂದೂವರೆ ತಾಸು ಅವನು ಹಾಗೆಯೇ ಸುತ್ತಿದ್ದ.

ಕೊನೆಯ ಬಸ್ಸು ಹೋಗಿತ್ತು. ಒಂದು ಲಾರಿಯವನು ದಯೆ ತೋರಿದ. ನಡೆದದ್ದನ್ನು ನಾನು ಹೆಡ್‌ಮಾಸ್ತರರಿಗೆ ಹೇಳಲಿಲ್ಲ, ಅವನ ಮನೆಯವರಿಗೂ ಹೇಳಲಿಲ್ಲ. ಹುಡುಗನೂ ಹೇಳಿದಂತೆ ಕಾಣಲಿಲ್ಲ. ಆಮೇಲೆ ಮಕ್ಕಳನ್ನು ಬೇಲೂರು, ಹಳೇಬೀಡು, ಬಾದಾಮಿ ಎಲ್ಲಿಗೆಲ್ಲ ಕರೆದೊಯ್ದೆ. ಮನೆಯಿಂದ ಕೈಗೆಟಕುವಷ್ಟರಲ್ಲಿದ್ದ ಗೇರುಸೊಪ್ಪೆಗೆ ಮಾತ್ರ ಏನಾದರೊಂದು ನೆಪ ಹೇಳಿ ತಪ್ಪಿಸಿದೆ.

ಆ ರಾತ್ರಿ ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿದ. ಆಮೇಲೆ ಹಡಗಿನವರನ್ನು ನಮ್ಮ ಕಡೆಗೆ ತರಬಹುದೇ ಎಂದು ಮಾತು ಬಂತು. ಅವನು ತನ್ನ ಲೆಕ್ಕ ಒಪ್ಪಿಸಿದ. ಪಣಂಬೂರಿನಿಂದ ಹೊನ್ನಾವರಕ್ಕೆ ಹೆದ್ದಾರಿಯಲ್ಲಿ ಮೂರು ಮೂರೂವರೆ ತಾಸು, ಮತ್ತೆ ಗೇರುಸೊಪ್ಪೆ, ಅಷ್ಟೇ ದೂರ ವಾಪಸು. ಹಡಗು ನಿಲ್ಲುವುದೇ ಒಂದು ಹಗಲು. "ಭಟ್ಕಳ ಮುಟ್ಟಿ ಬರೂದೂ ಕಷ್ಟ ಮಾವಾ." ಕಡಲಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಇಳಿಸುವ ಕ್ರಮ ಬೇರೆ ದೇಶಗಳಲ್ಲಿ ಇದೆಯಂತೆ. ನಮ್ಮ ಅಳಿವೆಯಲ್ಲಿ, ಎಂಬತ್ತರ ಅಜ್ಜಿಯರನ್ನು? ನಾನೇ ಬೇಡವೆಂದೆ.

ಊರಿಗೆ ಬಂದವನು ನಾಲ್ಕಾರು ಜನರನ್ನು ಕೇಳಿ ಆ ಹುಡುಗನ ಫೋನ್ ನಂಬರು ಹುಡುಕಿಸಿದೆ. ಹುಡುಗನೆಂದೆನೇ? ಐವತ್ತು ದಾಟಿದವನು, ಹುಬ್ಬಳ್ಳಿಯಲ್ಲಿ ಟೈಲ್ಸ್ ಅಂಗಡಿ. ನನ್ನ ದನಿ ಗುರುತು ಹಿಡಿದ. ಮೂವತ್ತೆಂಟು ವರ್ಷ ಗಂಟಲಲ್ಲಿದ್ದದ್ದನ್ನು ಹೇಗೋ ಹೇಳಿ ಮುಗಿಸಿದೆ, ತಪ್ಪು ನನ್ನದೆಂದೆ.

"ಅಯ್ಯ, ಬಿಡಿ ಸರ್. ನೀವೇ ಹೇಳಿದ್ರಲ್ಲ, ನಾಲ್ಕೂ ಮೂರ್ತಿ ಒಂದೇ ನಮೂನೆ ಇದ್ದೋ, ವ್ಯತ್ಯಾಸ ಇದ್ದೋ ಸರಿಯಾಗಿ ನೋಡ್ಕಂಡು ಬನ್ನಿ ಹೇಳಿ. ಉಳಿದವರು ಅವಲಕ್ಕಿಗೆ ಓಡಿದ್ರು, ನಾನು ಅರ್ಧಕ್ಕೇ ಬಿಟ್ಟು ಹೋಗ್ಬೇಕಾಯ್ತು. ಹೊರಡೂ ಮೊದಲು ಮುಗಿಸ್ವಾ ಹೇಳಿ ಮತ್ತೆ ಒಳಗೆ ಹೋದೆ. ಮೂರು ನೋಡಿ ಆಗಿತ್ತು. ಹೊರಗೆ ಬಂದ್ರೆ ಯಾರೂ ಇಲ್ಲ."

ಹಾಗೆ ಹೇಳಿದ್ದು ನನಗೆ ನೆನಪೇ ಇರಲಿಲ್ಲ. "ವ್ಯತ್ಯಾಸ ಇತ್ತೇನೋ?" ಎಂದು ಕೇಳಿದೆ.

"ನಾಲ್ಕನೇದು ನೋಡೂಕೆ ಹೋದ್ರೆ ಕತ್ತಲು ಸರ್. ಕಾಣ್ಲಿಲ್ಲ."

ಮಳೆ ಮುಗಿದ ಮೇಲೆ ಬರುತ್ತಾನಂತೆ. ಈಗ ದೋಣಿ ಬೇಕಿಲ್ಲ, ಕಾರಿನಲ್ಲೇ ಹೋಗಬಹುದು. ಟಾರ್ಚು ತಾನೇ ತರುತ್ತೇನೆ ಎಂದಿದ್ದಾನೆ.