ಸಹಿ ನೋಡದವರ ಅವಸರ

ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಆ್ಯಪ್ ಹುಡುಕಿ ತರುವ ಆಂಡ್ರಾಯ್ಡ್ ಹವ್ಯಾಸಿಗಳಿಗೆ, ಅಪ್‌ಡೇಟ್ ಹಾಕಹೊರಟಾಗ ‘ಆ್ಯಪ್ ಇನ್‌ಸ್ಟಾಲ್ ಆಗಿಲ್ಲ’ ಎಂಬ ಒಣ ಸಂದೇಶ ಎದುರಾಗುವುದು ಅಪರೂಪವೇನಲ್ಲ; ಬಹುತೇಕರು ಶಪಿಸುವ ಈ ನಿರಾಕರಣೆಯೇ ಹಲವು ಸಲ ಇಡೀ ಹವ್ಯಾಸದ ಸೊಗಸಾದ ಘಟ್ಟವಾಗಿರುತ್ತದೆ ಎಂದರೆ ಒಪ್ಪುವವರು ಕಡಿಮೆ. ಆ್ಯಪನ್ನು ಕಟ್ಟಿಟ್ಟ ಕಡತವಾದ ಎಪಿಕೆ, ತಯಾರಕರು ತಮ್ಮ ಗುಪ್ತ ಕೀಲಿಯಿಂದ ಹಾಕಿದ ಡಿಜಿಟಲ್ ಸಹಿಯನ್ನು ಹೊತ್ತು ಬರುತ್ತದೆ. ಮೊದಲ ಸಲ ಯಾರ ಸಹಿಯಿದ್ದರೂ ಒಪ್ಪಿಕೊಳ್ಳುವ ಫೋನು, ಆಮೇಲೆ ಅದೇ ಆ್ಯಪ್ ಬೇರೆ ಸಹಿಯೊಡನೆ ಬಂದರೆ ಒಳಗೆ ಬಿಡುವುದಿಲ್ಲ. ಆದ್ದರಿಂದ ಜಾಣತನವೆಲ್ಲ ಮೊದಲ ಸಲಕ್ಕೇ ಬೇಕು. ಸಹಿಯ ಪ್ರಮಾಣಪತ್ರದಿಂದ ಎಸ್‌ಎಚ್‌ಎ-256 ಎಂಬ ಗಣಿತಕ್ರಮದಲ್ಲಿ ಹೊರಡುವ 64 ಅಕ್ಷರಗಳ ‘ಬೆರಳಚ್ಚ’ನ್ನು ಎಪಿಕೆಸೈನರ್ ಎಂಬ ಸಲಕರಣೆಯಿಂದ ತೆಗೆದು, ತಯಾರಕರು ತಮ್ಮದೇ ತಾಣದಲ್ಲಿ ಪ್ರಕಟಿಸಿದ್ದರೆ ಅದರೊಡನೆ ಹೋಲಿಸಬೇಕು; ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ತೃಪ್ತರಾಗುವವರನ್ನು ಹೋಲಿಸಿದವರ ಲೆಕ್ಕಕ್ಕೆ ಸೇರಿಸಲಾಗದು.

2010ರಲ್ಲಿ ಆರಂಭವಾದ ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶ ಭಂಡಾರವು, ತಯಾರಕರು ಬರೆದ ಮೂಲ ಕೋಡ್ ಪಡೆದು ತಾನೇ ಆ್ಯಪ್ ಕಟ್ಟಿ ಸಾಮಾನ್ಯವಾಗಿ ತನ್ನದೇ ಸಹಿ ಹಾಕುವುದರಿಂದ, ಅಲ್ಲಿಂದ ತಂದದ್ದರ ಮೇಲೆ ಪ್ಲೇ ಸ್ಟೋರಿನ ಅಪ್‌ಡೇಟ್ ಕೂರುವುದಿಲ್ಲ. ಭಂಡಾರ ಕಟ್ಟಿದ್ದೂ ತಯಾರಕರು ಕಟ್ಟಿದ್ದೂ ಸಹಿಯೊಂದನ್ನು ಬಿಟ್ಟು ಬೈಟ್‌ಗೆ ಬೈಟ್ ಹೊಂದಿದರೆ ಮಾತ್ರ ತಯಾರಕರ ಸಹಿಯೇ ಉಳಿಯುವ ವ್ಯವಸ್ಥೆಯೂ ಅಲ್ಲಿದೆ. ಇಷ್ಟೆಲ್ಲ ತಿಳಿಯುವ ತಾಳ್ಮೆಯಿಲ್ಲದ ಅವಸರದ ಪಂಗಡವೊಂದು, ‘ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ, ಹೊಸದನ್ನು ಹಾಕಿ’ ಎಂದು ಕಂಡಕಂಡವರಿಗೆ ಉಪದೇಶಿಸುತ್ತದೆ. ಹಾಗೆ ಮಾಡಿದೊಡನೆ ಫೋನಿನ ನೆನಪಿನಿಂದ ಹಳೆಯ ಸಹಿ ಅಳಿಯುತ್ತದೆ, ಜೊತೆಗೆ ಆ್ಯಪಿನೊಳಗಿನ ಮಾಹಿತಿಯೂ ಹೋಗುತ್ತದೆ. ಇದು ನಾಯಿ ಬೊಗಳಿತೆಂದು ನಾಯಿಯನ್ನೇ ಓಡಿಸಿ ಬಾಗಿಲು ತೆಗೆದ ಹಾಗೆ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆಯ ಸೋಗಿನಲ್ಲಿ ಬಂದ ಎಪಿಕೆ ತೆರೆದು ಹಣ ಕಳೆದುಕೊಂಡವರನ್ನು ಕಂಡು ನಗುವವರೂ ಇವರೇ ಎಂಬುದು ಸಹಿಸಲಾಗದ ಸಂಗತಿ.

ಸಹಿಗೂ ಮಿತಿಯಿದೆ, ಅದು ಕೀಲಿಯ ಗುರುತು ಹೇಳುತ್ತದೆ, ಕೀಲಿ ಹಿಡಿದವರ ಮನಸ್ಸನ್ನಲ್ಲ. ಜಾಹೀರಾತಿಲ್ಲದ ಆ್ಯಪ್‌ಗಳಿಗೆ ಹೆಸರಾಗಿದ್ದ ಸಿಂಪಲ್ ಮೊಬೈಲ್ ಟೂಲ್ಸ್ 2023ರ ಕೊನೆಯ ಹೊತ್ತಿಗೆ ಕಂಪನಿಯೊಂದಕ್ಕೆ ಮಾರಾಟವಾದಾಗ, ಒಡೆತನ ಬದಲಾದುದಕ್ಕೆ ತಕರಾರೆತ್ತುವುದು ಯಾವ ಸಹಿ ಪರೀಕ್ಷೆಯ ಕೆಲಸವೂ ಆಗಿರಲಿಲ್ಲ. ಅದರ ಮುಕ್ತ ಕೋಡನ್ನೇ ಆಧರಿಸಿ ಉತ್ಸಾಹಿಗಳು ಫಾಸಿಫೈ ಎಂಬ ಹೊಸ ಬಳಗ ಕಟ್ಟಿದರು. ಅಲ್ಲಿ ಹೆಸರೂ ಬೇರೆ, ಸಹಿಯೂ ಬೇರೆಯಾದ್ದರಿಂದ, ಹಳೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಹಬ್ಬ, ಹುಟ್ಟುಹಬ್ಬಗಳನ್ನು ಕಡತವಾಗಿ ಹೊರತೆಗೆದು ಹೊಸದಕ್ಕೆ ತುಂಬುವವರು 64 ಅಕ್ಷರಗಳನ್ನೂ ಮತ್ತೆ ಮೊದಲಿನಿಂದ ಓದಿ ಹೋಲಿಸಬೇಕಾಯಿತು. ಅವಸರದವರ ಕೆಲಸ ಮಾತ್ರ ಎಂದಿನಂತೆ ಬೇಗ ಮುಗಿದಿರಬೇಕು.