ಜೋಗದ ಬಿಲ್ಲು

ಕಾಮನಬಿಲ್ಲನ್ನು ಕುರಿತು ಬರೆಯುವುದು ಕವಿಗಳ ಕೆಲಸ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬ ಅದಕ್ಕೆ ಕೈಹಾಕಿದರೆ ವಾಚಕರು ಹುಬ್ಬೇರಿಸಿಯಾರು. ಆದರೆ ನನ್ನ ಪರವಾಗಿ ಹೇಳಬಹುದಾದ ಮಾತೊಂದಿದೆ. ಕವಿಗಳು ಕಾಮನಬಿಲ್ಲನ್ನು ಹಾಡಿದ್ದಾರೆಯೇ ಹೊರತು ಅದರಿಂದ ಉಂಡಿಲ್ಲ, ನಾವು ಉಂಡವರು. ನಮ್ಮ ತಂದೆಯವರು ಜೋಗ ಜಲಪಾತದ ಎದುರಿಗೆ ನಿಂತು ಪ್ರವಾಸಿಗರ ಫೋಟೊ ತೆಗೆಯುವವರು. ಬರಿಯ ಜಲಪಾತದ ಮುಂದೆ ನಿಂತ ಫೋಟೊವನ್ನು ಬೇಡವೆನ್ನುವವರು ಉಂಟು. ತಲೆಯ ಹಿಂದೆ ಏಳು ಬಣ್ಣದ ಬಿಲ್ಲು ಬಾಗಿರುವ ಫೋಟೊವನ್ನು ಬೇಡವೆನ್ನುವವರು ಬಲು ವಿರಳ. ಈ ಮೂರು ವರ್ಷ ನನ್ನ ಪರೀಕ್ಷಾ ಶುಲ್ಕದ ಬಿಲ್ಲು, ಬಸ್ ಪಾಸಿನ ಬಿಲ್ಲುಗಳನ್ನೆಲ್ಲ ಬಹುಮಟ್ಟಿಗೆ ತೀರಿಸಿದ್ದು ಜೋಗದ ಆ ಬಿಲ್ಲೇ.

ಜೋಗವನ್ನು ನೋಡದವರು ನಮ್ಮ ಕಾಲೇಜಿನಲ್ಲಿ ಇರಲಾರರು. ಶರಾವತಿಯು ಸುಮಾರು 830 ಅಡಿಗಳಷ್ಟು ಕೆಳಕ್ಕೆ ಧುಮುಕುವುದು, ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಕವಲುಗಳು, ಇವೆಲ್ಲ ಶಾಲೆಯ ಪಾಠದಲ್ಲೇ ಬಂದುಹೋಗಿವೆ. ಪಾಠದಲ್ಲಿ ಬಾರದಿರುವುದು ಬಿಲ್ಲಿನ ವಿಷಯ. ಅನೇಕರು ಬೆಳಗಿನಿಂದ ಸಂಜೆಯವರೆಗೆ ಕಾದು, ಮಂಜನ್ನೇ ನೋಡಿ, 'ಬಿಲ್ಲು ಬರುತ್ತದೆಂದು ಸುಳ್ಳು ಹೇಳುತ್ತಾರೆ' ಎಂದು ಗೊಣಗುತ್ತ ಬಸ್ಸು ಹತ್ತುವುದುಂಟು. ಬಿಲ್ಲಿಗೆ ನೀರೂ ಬೇಕು, ಬಿಸಿಲೂ ಬೇಕು. ಆಷಾಢದಲ್ಲಿ ನೀರು ಭೋರ್ಗರೆಯುತ್ತದೆ, ಬಿಸಿಲಿರುವುದಿಲ್ಲ. ಬೇಸಿಗೆಯಲ್ಲಿ ಬಿಸಿಲು ಸುಡುತ್ತದೆ, ಬಂಡೆಯ ಮೇಲೆ ನಾಲ್ಕು ಎಳೆ ನೀರು ಜಿನುಗುತ್ತಿರುತ್ತದೆ. ಮಳೆ ಹಿಂದೆಗೆಯುವ ಕಾಲ, ಎಂದರೆ ಸುಮಾರಾಗಿ ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ, ನಮ್ಮ ಮನೆಯ ಸುಗ್ಗಿ. ಬಿಸಿಲು ಬಿದ್ದ ಮಧ್ಯಾಹ್ನಗಳಲ್ಲಿ ಅಪ್ಪ ಊಟಕ್ಕೆ ಮನೆಗೆ ಬರುವುದಿಲ್ಲ. ಬುತ್ತಿಯನ್ನು ನಾನೋ ತಂಗಿಯೋ ಕೊಂಡುಹೋಗಬೇಕು.

ಅಪ್ಪ ಓದಿದ್ದು ನಾಲ್ಕನೆಯ ತರಗತಿ. ಆದರೂ ಅವರ ಬಳಿ ಒಂದು ಸೂತ್ರವಿದೆ. 'ನಿನ್ನ ನೆರಳು ಎತ್ತ ಬಿದ್ದಿದೆ ನೋಡು ಮಗಾ. ನೆರಳು ನೀರಿನ ಕಡೆಗೆ ತಿರುಗುವ ತನಕ ಬಿಲ್ಲು ಬರುವುದಿಲ್ಲ.' ಚಿಕ್ಕಂದಿನಲ್ಲಿ ಇದು ನನಗೆ ಮಂತ್ರದಂತೆ ಕೇಳುತ್ತಿತ್ತು. ಕಾಲೇಜಿಗೆ ಸೇರಿದ ಮೇಲೆ, ನಮ್ಮ ಗ್ರಂಥಾಲಯದ ಮೂಲೆಯ ಕಪಾಟಿನಲ್ಲಿ ಬೆಳಕಿನ ಶಾಸ್ತ್ರದ ಹಳೆಯ ಪುಸ್ತಕವೊಂದು ಸಿಕ್ಕಿತು. ಅದರ ಧೂಳನ್ನು ನೋಡಿದರೆ ಕಲಾ ವಿಭಾಗದ ಯಾರೂ ಅದನ್ನು ಮುಟ್ಟಿದಂತಿರಲಿಲ್ಲ. ಅಪ್ಪನ ಸೂತ್ರ ಅದರಲ್ಲಿ ಅಂಕಿಗಳ ಉಡುಪು ತೊಟ್ಟು ಕುಳಿತಿತ್ತು. ಸೂರ್ಯನ ಕಿರಣ ನೀರಿನ ಹನಿಯನ್ನು ಹೊಕ್ಕು ಬಾಗಿ, ಹಿಂಭಾಗದ ಒಳಮೈಗೆ ತಾಗಿ ಪ್ರತಿಫಲಿಸಿ, ಹೊರಬೀಳುವಾಗ ಮತ್ತೆ ಬಾಗುತ್ತದೆ. ಹಾಗೆ ಹಿಂದಿರುಗುವ ಬೆಳಕು ಹೆಚ್ಚಾಗಿ ಒಂದೇ ಕೋನದಲ್ಲಿ ಗುಂಪುಗೂಡುತ್ತದೆ: ಕೆಂಪಿಗೆ ಸುಮಾರು 42 ಡಿಗ್ರಿ, ನೇರಳೆಗೆ ಸುಮಾರು 40. ಫ್ರಾನ್ಸಿನ ಡೇಕಾರ್ಟ್ 1637ರಲ್ಲಿ ಈ ಕೋನದ ಲೆಕ್ಕವನ್ನು ಪ್ರಕಟಿಸಿದ. ಬಣ್ಣಗಳು ಬೇರೆಯಾಗುವುದೇಕೆಂಬುದನ್ನು ಆಮೇಲೆ ನ್ಯೂಟನ್ ಬಿಡಿಸಿದ. ಈ 42 ಡಿಗ್ರಿಯನ್ನು ಅಳೆಯಬೇಕಾದುದು ಎಲ್ಲಿಂದ? ಸೂರ್ಯನಿಗೆ ನೇರ ವಿರುದ್ಧವಾದ ಬಿಂದುವಿನಿಂದ, ಎಂದರೆ ನೋಡುವವನ ತಲೆಯ ನೆರಳು ಬೀಳುವ ದಿಕ್ಕಿನಿಂದ. ಬಿಲ್ಲೆಂಬ ಚಕ್ರಕ್ಕೆ ನಮ್ಮ ತಲೆಯ ನೆರಳೇ ಗುಂಬ.

ಇಲ್ಲಿ ಜೋಗದ ಹೆಚ್ಚುಗಾರಿಕೆಯೊಂದಿದೆ. ಬಯಲಿನಲ್ಲಿ ನಿಂತವನಿಗೆ ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಆಕಾಶದಲ್ಲಿ ಬಿಲ್ಲು ಕಾಣುವುದಿಲ್ಲ. ಅದು ನೆಲದೊಳಕ್ಕೆ ಇಳಿದುಬಿಟ್ಟಿರುತ್ತದೆ. ಜೋಗದಲ್ಲಿ ನಾವು ನಿಲ್ಲುವುದು ಕಮರಿಯ ಅಂಚಿನಲ್ಲಿ. ನಮ್ಮ ಕಾಲಿನ ಕೆಳಗೆ ನೂರಾರು ಅಡಿಗಳ ಆಳದಲ್ಲಿಯೂ ತುಂತುರು ತುಂಬಿರುತ್ತದೆ. ಹಾಗಾಗಿ ಸೂರ್ಯ ನೆತ್ತಿಯಿಂದ ಅಷ್ಟೇನೂ ಇಳಿಯದಿರುವಾಗಲೇ ಬಿಲ್ಲು ಕಮರಿಯ ತಳದಲ್ಲಿ ಹುಟ್ಟಿಕೊಳ್ಳುತ್ತದೆ. ಹೊತ್ತು ಇಳಿದಂತೆಲ್ಲ ಅದು ಏರುತ್ತದೆ, ಏರುತ್ತ ಬಲಕ್ಕೆ ಸರಿಯುತ್ತದೆ. ಸೂರ್ಯ ಇಳಿಯುವುದು, ಬಿಲ್ಲು ಏರುವುದು! ಇದನ್ನು ಓದಿದ ದಿನ ಅಪ್ಪನಿಗೆ ಸಡಗರದಿಂದ ವಿವರಿಸಿದೆ. ಅವರು ಕೇಳಿಸಿಕೊಂಡು, 'ಅದಕ್ಕೇ ಅಲ್ಲವಾ ನಾನು ಮೊದಲು ಕೆಳಗಿನ ಕಟಾಂಜನದ ಹತ್ತಿರ ನಿಂತು, ಆಮೇಲೆ ಮೇಲಿನದಕ್ಕೆ ಬರುವುದು' ಎಂದರು. ಇಷ್ಟು ತಿಳಿಯಲು ಪುಸ್ತಕ ಬೇಕಾಯಿತೇ ಎಂಬ ಧ್ವನಿ ಅದರಲ್ಲಿ ಇತ್ತೋ ಏನೋ, ನಾನು ವಿಚಾರಿಸಲಿಲ್ಲ.

ಗಿರಾಕಿಗಳಿಗೆ ಅತ್ಯಂತ ವಿಚಿತ್ರವೆನಿಸುವುದು ಇನ್ನೊಂದು ಸಂಗತಿ. 'ಬಿಲ್ಲು ಸರಿಯಾಗಿ ನಮ್ಮ ತಲೆಯ ಮೇಲೆ ಬರಬೇಕು' ಎಂದು ಅವರು ಅತ್ತಿತ್ತ ಸರಿಯುತ್ತಾರೆ. ಅಪ್ಪ ಅವರನ್ನು ನಿಂತಲ್ಲೇ ನಿಲ್ಲಿಸಿ, ತಾವೇ ಎರಡು ಹೆಜ್ಜೆ ಸರಿದು, ಬಗ್ಗಿ ಕ್ಯಾಮರಾ ಹಿಡಿಯುತ್ತಾರೆ. ಬಿಲ್ಲು ಗಿರಾಕಿಯ ಸ್ವತ್ತಲ್ಲ, ಕ್ಯಾಮರಾದ್ದು. ಕ್ಯಾಮರಾ ಸರಿದರೆ ಬಿಲ್ಲೂ ಅದರ ಜೊತೆಗೆ ಸರಿಯುತ್ತದೆ. ಪಕ್ಕಪಕ್ಕದಲ್ಲಿ ನಿಂತ ಇಬ್ಬರಿಗೆ ಕಾಣುವ ಬಿಲ್ಲು ಒಂದೇ ಅಲ್ಲ. ಬೇರೆ ಬೇರೆ ಹನಿಗಳು ಅವರವರ ಕಣ್ಣಿಗೆ ಬೆಳಕು ಕಳುಹಿಸುತ್ತಿರುತ್ತವೆ. ಹಾಗೆ ನೋಡಿದರೆ ನನ್ನ ಎಡಗಣ್ಣಿನ ಬಿಲ್ಲೇ ಬೇರೆ, ಬಲಗಣ್ಣಿನದೇ ಬೇರೆ. ಇಂಥ ಪದಾರ್ಥವನ್ನು ಕಾಗದದ ಮೇಲಿಳಿಸಿ ಐವತ್ತು ರೂಪಾಯಿಗೆ ಮಾರುವ ವೃತ್ತಿಯನ್ನು ಯಾವ ಅರ್ಥಶಾಸ್ತ್ರದ ಅಧ್ಯಾಯಕ್ಕೆ ಸೇರಿಸಬೇಕೋ ತಿಳಿಯದು.

ಕಾಗದಕ್ಕೆ ಇಳಿಸುವುದೂ ಸುಲಭವಲ್ಲ. ಕ್ಯಾಮರಾ ಬಿಳಿಯ ನೀರನ್ನೂ ಕಪ್ಪು ಬಂಡೆಯನ್ನೂ ಒಟ್ಟಿಗೆ ನೋಡಿ ಗೊಂದಲಕ್ಕೆ ಬೀಳುತ್ತದೆ. ಬಂಡೆಗೆ ತಕ್ಕಷ್ಟು ಬೆಳಕನ್ನು ಒಳಗೆ ಬಿಟ್ಟರೆ ನೀರು ಸುಣ್ಣದಂತಾಗಿ ಬಿಲ್ಲು ತೊಳೆದುಹೋಗುತ್ತದೆ. ಬೆಳಕನ್ನು ತುಸು ತಗ್ಗಿಸಬೇಕು. ಬಿಲ್ಲಿನ ಹಿಂದೆ ನೀರಿಗಿಂತ ಒದ್ದೆ ಬಂಡೆ ಬರುವಂತೆ ನೋಡಿಕೊಳ್ಳಬೇಕು. ಕಪ್ಪಿನ ಮೇಲೆ ಬಣ್ಣ ಏಳುತ್ತದೆ. ತುಂತುರು ತೀರ ನುಣುಪಾಗಿ ಮಂಜಿನಂತಾದರೆ ಬಣ್ಣಗಳೆಲ್ಲ ಒಂದರ ಮೇಲೊಂದು ಬಿದ್ದು ಬಿಲ್ಲು ಬೆಳ್ಳಗಾಗುತ್ತದೆ. ಆಗ ಸುಮ್ಮನೆ ಕಾಯುವುದೇ ಲೇಸು. ಒಮ್ಮೆ ಭಾರಿ ಬೆಲೆಯ ಕ್ಯಾಮರಾ ಹಿಡಿದ ಮಹನೀಯರೊಬ್ಬರು, 'ಕಣ್ಣಿಗೆ ಕಾಣುವ ಬಿಲ್ಲು ಇದರಲ್ಲಿ ಕಾಣುವುದೇ ಇಲ್ಲವಲ್ಲ' ಎಂದು ಕಂಗಾಲಾಗಿದ್ದರು. ಅಪ್ಪ ಹತ್ತಿರ ಹೋಗಿ, ಅವರ ಅನುಮತಿ ಪಡೆದು, ಮಸೂರದ ಮುಂದಿದ್ದ ಗಾಜಿನ ಬಳೆಯನ್ನು ಕಾಲು ಸುತ್ತು ತಿರುಗಿಸಿದರು. ಅಳಿಸಿಹೋಗಿದ್ದ ಬಿಲ್ಲಿನ ನೆತ್ತಿ ಮರಳಿ ಬಂತು. ಅದು ಪೋಲರೈಸರ್ ಗಾಜಂತೆ. ಹನಿಯೊಳಗೆ ಪ್ರತಿಫಲಿಸಿದ ಬೆಳಕಿನ ಕಂಪನ ಬಹುಪಾಲು ಬಿಲ್ಲಿನ ಬಾಗಿಗೆ ಅನುಗುಣವಾಗಿ ಒಂದೇ ದಿಕ್ಕಿನಲ್ಲಿರುವುದರಿಂದ, ಆ ಗಾಜು ಒಂದು ಭಂಗಿಯಲ್ಲಿ ಅದನ್ನು ತಡೆಯುತ್ತದೆ, ಇನ್ನೊಂದರಲ್ಲಿ ಬಿಡುತ್ತದೆ. ಈ ಕಾರಣ ನಾನು ಓದಿ ತಿಳಿದದ್ದು. ಅಪ್ಪನನ್ನು ಕೇಳಿದರೆ, 'ತಿರುಗುವ ವಸ್ತುವನ್ನು ತಿರುಗಿಸಿ ನೋಡಬೇಕು' ಎಂದಷ್ಟೇ ಹೇಳಿದರು.

ಅಪ್ಪ ಈ ಕೆಲಸಕ್ಕಿಳಿದದ್ದು 1992ರಲ್ಲಿ, ಹಳೆಯದೊಂದು ಯಾಶಿಕಾ ಕ್ಯಾಮರಾದೊಂದಿಗೆ. ಮೂವತ್ತಾರು ಚಿತ್ರಗಳ ರೀಲು. ತುಂಬಿದ ಮೇಲೆ ಸಾಗರಕ್ಕೆ ಹೋಗಿ ತೊಳೆಸಿ, ಪ್ರತಿ ಹಾಕಿಸಿ, ಗಿರಾಕಿಗಳ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಬೇಕು. ಬಿಲ್ಲು ಬಂದಿದೆಯೋ ಇಲ್ಲವೋ ಎಂಬುದು ತೊಳೆಯುವವರೆಗೆ ದೈವಾಧೀನ. ಬರದಿದ್ದವರಿಗೆ ಅಪ್ಪ ಹಣ ಹಿಂತಿರುಗಿಸುತ್ತಿದ್ದರೆಂದು ಅಮ್ಮ ಈಗಲೂ ಆಕ್ಷೇಪಿಸುವುದುಂಟು. ಆಮೇಲೆ ಡಿಜಿಟಲ್ ಕ್ಯಾಮರಾ ಬಂತು. ನಿಂತ ನಿಲುವಿನಲ್ಲೇ ಪ್ರತಿ ತೆಗೆದುಕೊಡುವ ಪುಟ್ಟ ಪ್ರಿಂಟರ್ ಬಂತು. ಅದೇ ನಮ್ಮ ಮನೆಯ ಒಳ್ಳೆಯ ಕಾಲ. ಹಂಚು ಬದಲಾಯಿಸಿದ್ದು ಆಗಲೇ. ಅದರ ಬೆನ್ನಲ್ಲೇ ಎಲ್ಲರ ಜೇಬಿಗೂ ಮೊಬೈಲು ಬಂತು. ಈಗ ದಿನಕ್ಕೆ ಹತ್ತು ಪ್ರತಿ ಹೋದರೆ ಆ ದಿನ ಅಪ್ಪ ಶಿಳ್ಳೆ ಹಾಕುತ್ತ ಮನೆಗೆ ಬರುತ್ತಾರೆ. ಬರಿಗೈಯಲ್ಲಿ ಬಂದ ದಿನಗಳನ್ನು ನಾನು ಎಣಿಸಿಲ್ಲ.

ಬಿಲ್ಲಿಗೆ ಇನ್ನೊಬ್ಬ ಯಜಮಾನನೂ ಇದ್ದಾನೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆದಂದಿನಿಂದ ಜೋಗದಲ್ಲಿ ಎಷ್ಟು ನೀರು ಬೀಳಬೇಕೆಂಬುದನ್ನು ಮಳೆಯೊಂದೇ ತೀರ್ಮಾನಿಸುವುದಿಲ್ಲ. ನೀರು ಕಟ್ಟೆಯ ಹಿಂದೆ ನಿಂತು ವಿದ್ಯುತ್ತಾಗಲು ಹೋಗುತ್ತದೆ. ಜಲಾಶಯ 1819 ಅಡಿಗಳ ಮಟ್ಟಕ್ಕೆ ತುಂಬಿ ಬಾಗಿಲು ತೆರೆದರೆ ಜೋಗಕ್ಕೆ ಜೀವ. ಆ ಕಟ್ಟೆಗೆ ಮಣ್ಣು ಹೊರಲು ಬಂದವರು ನಮ್ಮ ಅಜ್ಜ. ಕೆಲಸ ಮುಗಿದ ಮೇಲೆ ಊರಿಗೆ ಮರಳಲು ಊರಿನಲ್ಲಿ ಏನೂ ಇರಲಿಲ್ಲವಾದ್ದರಿಂದ ಇಲ್ಲೇ ನಿಂತರು. ಅಜ್ಜ ಕಟ್ಟಿದ ಕಟ್ಟೆ ಅಪ್ಪನ ಬಿಲ್ಲನ್ನು ಹಿಡಿದಿಟ್ಟುಕೊಂಡಿದೆ. ನಾನು ರಾತ್ರಿ ಓದುವ ದೀಪ ಉರಿಯುವುದೂ ಅಂಥ ನೀರಿನಿಂದಲೇ ಆದುದರಿಂದ ಯಾರ ಮೇಲೂ ದೂರು ಹೇಳುವಂತಿಲ್ಲ.

ಕಳೆದ ದೀಪಾವಳಿಯ ಮುಂಚೆ ಅಪ್ಪ ತಮ್ಮ ನಿರ್ಧಾರವನ್ನು ತಿಳಿಸಿದರು: ನನ್ನ ಕೊನೆಯ ಪರೀಕ್ಷೆಯ ಶುಲ್ಕ ಕಟ್ಟಿದ ಮೇಲೆ ಪ್ರಿಂಟರನ್ನು ಕೊಟ್ಟುಬಿಟ್ಟು ಚುರುಮುರಿ ಗಾಡಿ ಹಾಕುವುದೆಂದು. 'ಚುರುಮುರಿಯನ್ನು ಮೊಬೈಲಿನಲ್ಲಿ ಮಾಡಿಕೊಳ್ಳಲು ಬರುವುದಿಲ್ಲವಲ್ಲ' ಎಂದು ನಕ್ಕರು. ಅಮ್ಮ ನಗಲಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಬಿಲ್ಲಿನ ಫೋಟೊಗಳು ಹತ್ತಾರಿವೆ; ಎಲ್ಲವುಗಳಲ್ಲೂ ಇರುವವರು ಪರರು. ಅಪ್ಪನದೊಂದೂ ಇಲ್ಲ. ಇದು ಆವತ್ತಿನವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ.

ಮರುದಿನ ಬುತ್ತಿ ಕೊಂಡುಹೋದವನು, ಅವರು ಉಂಡು ಕೈ ತೊಳೆದ ಮೇಲೆ, ಕಟಾಂಜನಕ್ಕೆ ಬೆನ್ನು ಮಾಡಿ ನಿಲ್ಲಿಸಿದೆ. ಬೇಡವೆಂದರು, ಅಂಗಿ ಮಾಸಿದೆ ಎಂದರು, ಕಡೆಗೆ ನಿಂತರು. ಬಿಸಿಲು ಕಣ್ಣಿಗೆ ಹೊಡೆದು ಮುಖ ಕಿವುಚಿಕೊಂಡಿತು. ಸಾವಿರಾರು ಮಂದಿಗೆ 'ಕಣ್ಣು ಬಿಡಿ, ನಗಿ' ಎಂದು ಹೇಳಿದವರಿಗೆ ತಮಗೇ ಹಾಗೆ ಮಾಡಲು ಬರಲಿಲ್ಲ. ಬಿಲ್ಲು ಅವರ ಬೆನ್ನ ಹಿಂದೆ ರಾಜನ ಮಗ್ಗುಲಿನ ಕಪ್ಪು ಬಂಡೆಯ ಮೇಲೆ ಬಿದ್ದಿತ್ತು.

'ಬಂತಾ?' ಎಂದರು.

'ಎಡಗಡೆಗಿದೆ, ಅಪ್ಪಯ್ಯ. ಸ್ವಲ್ಪ ಅತ್ತ ಸರಿದರೆ...'

'ನಾನಲ್ಲ, ನೀನು ಸರಿ.'

ಸರಿದೆ. ಬೆಳಕನ್ನು ತಗ್ಗಿಸಿ ಮೂರು ಬಾರಿ ಒತ್ತಿದೆ. ಅವರು ನನ್ನ ಮೊಬೈಲನ್ನು ಕೈಗೆ ತೆಗೆದುಕೊಂಡು, ಅಂಗೈಯಿಂದ ಬಿಸಿಲಿಗೆ ಮರೆಮಾಡಿ, ಬಹಳ ಹೊತ್ತು ನೋಡಿದರು. ತಮ್ಮ ಮುಖವನ್ನು ನೋಡಿದರೋ ಬಿಲ್ಲನ್ನು ನೋಡಿದರೋ ಹೇಳಲಾರೆ. 'ನೇರಳೆ ಕೂಡ ಬಂದಿದೆ' ಎಂದರು. ಅಷ್ಟರಲ್ಲಿ ಶಾಲಾ ಮಕ್ಕಳ ಬಸ್ಸೊಂದು ಬಂದು ನಿಂತಿತು. ಅಪ್ಪ ಮಾದರಿ ಫೋಟೊಗಳ ಆಲ್ಬಮ್ಮನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅತ್ತ ನಡೆದರು.