ನಿಘಂಟಿನ ಊರಿನಲ್ಲಿ

ಪೀಟರ್ಸ್‌ಬರ್ಗವೆಂಬ ಹೆಸರು ನನ್ನ ಕಿವಿಗೆ ಮೊದಲು ಬಿದ್ದುದು ಭೂಗೋಳದ ಪಾಠದಲ್ಲಿ ಅಲ್ಲ, ವ್ಯಾಕರಣದ ಪಾಠದಲ್ಲಿ. ಪಾಠಶಾಲೆಯಲ್ಲಿ ಯಾವುದಾದರೊಂದು ವೈದಿಕ ಶಬ್ದದ ಅರ್ಥದಲ್ಲಿ ಸಂದೇಹ ಬಂದಾಗ ನಮ್ಮ ಗುರುಗಳು, “ಇದಕ್ಕೆ ಪೀಟರ್ಸ್‌ಬರ್ಗ ಕೋಶವನ್ನು ನೋಡಬೇಕು” ಎಂದು ಹೇಳಿ, ಕ್ಷಣಕಾಲ ತಡೆದು, “ನೋಡಿದರೆ ತಿಳಿಯುವುದಕ್ಕೆ ಜರ್ಮನ್ ಬರಬೇಕು” ಎಂದು ಸೇರಿಸಿ ನಗುತ್ತಿದ್ದರು. ಅವರಿಗೂ ಜರ್ಮನ್ ಬರುತ್ತಿರಲಿಲ್ಲ. ಕೋಶವೂ ಪಾಠಶಾಲೆಯಲ್ಲಿ ಇರಲಿಲ್ಲ. ಹೀಗಾಗಿ ನಮ್ಮ ಸಂದೇಹಗಳೆಲ್ಲ ಆ ಕಾಣದ ಊರಿನಲ್ಲಿ ಪರಿಹಾರವಾಗದೆ ಒಟ್ಟುಗೂಡುತ್ತಿದ್ದವು.

ಆ ಕೋಶದ ವಿಚಾರ ಬಲ್ಲವರು ಈ ಪತ್ರಿಕೆಯ ವಾಚಕರಲ್ಲಿ ಹಲವರಿದ್ದಾರೆ. ಅರಿಯದವರಿಗಾಗಿ ಎರಡು ಮಾತು. 1815ರಲ್ಲಿ ಪೀಟರ್ಸ್‌ಬರ್ಗದಲ್ಲಿಯೇ ಹುಟ್ಟಿದ ಓಟೋ ಬ್ಯೋತ್‌ಲಿಂಗ್ ಎಂಬ ಪಂಡಿತನೂ, ಜರ್ಮನಿಯ ಟ್ಯೂಬಿಂಗೆನ್ನಿನ ರುಡಾಲ್ಫ್ ರೋತ್ ಎಂಬ ವೇದವಿದ್ವಾಂಸನೂ ಕೂಡಿ ರಚಿಸಿದ ಸಂಸ್ಕೃತ ಮಹಾಕೋಶವದು. ಏಳು ಸಂಪುಟಗಳು. ಮೊದಲನೆಯದು ಮುಗಿದುದು 1855ರಲ್ಲಿ, ಕಡೆಯದು 1875ರಲ್ಲಿ. ಅಚ್ಚಾದುದು ರಷ್ಯದ ಚಕ್ರಾಧಿಪತ್ಯದ ವಿಜ್ಞಾನ ಅಕಾಡೆಮಿಯ ಮುದ್ರಣಾಲಯದಲ್ಲಿ. ನಮ್ಮ ಅಮರಸಿಂಹನು ಒಂದು ಶಬ್ದಕ್ಕೆ ಅದರ ಬಂಧುಬಳಗವನ್ನು ತೋರಿಸಿದನು. ಇವರು ಒಂದೊಂದು ಶಬ್ದಕ್ಕೂ ಅದರ ಜೀವನಚರಿತ್ರೆಯನ್ನೇ ಬರೆದರು. ವೇದದಲ್ಲಿ ಎಲ್ಲಿ ಹುಟ್ಟಿತು, ಮಹಾಭಾರತದಲ್ಲಿ ಹೇಗೆ ಬೆಳೆಯಿತು, ಕಾವ್ಯದಲ್ಲಿ ಯಾವ ವೇಷ ತೊಟ್ಟಿತು ಎಂಬುದಕ್ಕೆಲ್ಲ ಅಲ್ಲಿ ಪ್ರಯೋಗಸಹಿತವಾದ ಸಾಕ್ಷಿಯಿದೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ಕೋಶವನ್ನು ಕಂಡು ಕೈಮುಗಿಯುವ ಕನ್ನಡಿಗನಿಗೆ ಇಂಥ ಪರಿಶ್ರಮದ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ನಿವೃತ್ತನಾದ ಮೇಲೆ, 2019ನೆಯ ಜೂನ್ ತಿಂಗಳಲ್ಲಿ, ಮಕ್ಕಳು ನಮ್ಮಿಬ್ಬರನ್ನೂ ಬೆಂಗಳೂರಿನ ಯಾತ್ರಿಕರ ತಂಡವೊಂದರೊಡನೆ ರಷ್ಯಕ್ಕೆ ಕಳುಹಿಸಿಕೊಟ್ಟರು. ಕಾಶಿಗೆ ಹೋಗೋಣವೆಂದಿದ್ದ ನನ್ನ ಮನೆಯಾಕೆ, “ಅಲ್ಲಾಂದ್ರೆ, ಪುಸ್ತಕ ನೋಡೋದಕ್ಕೆ ಅಷ್ಟು ದೂರ ಹೋಗಬೇಕೇ? ಅದು ಬೆಂಗಳೂರಿನಲ್ಲೇ ಸಿಕ್ಕುತ್ತೆ ಅಂತ ನೀವೇ ಹೇಳಿದ್ದಿರಿ” ಎಂದಳು. ಪುಸ್ತಕ ಬೇರೆ, ಪುಸ್ತಕದ ಊರು ಬೇರೆ ಎಂದು ನಾನು ಸಮಾಧಾನ ಹೇಳಿದೆ. ಆಕೆ ಒಪ್ಪಲಿಲ್ಲ, ಆದರೆ ಒಂದು ಡಬ್ಬಿ ಕೋಡುಬಳೆ ಮಾಡಿಕೊಂಡು ಹೊರಟಳು.

ಆ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಅರುವತ್ತನೆಯ ಅಕ್ಷಾಂಶದಲ್ಲಿದೆ. ಜೂನ್ ತಿಂಗಳಲ್ಲಿ ಸೂರ್ಯನು ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಮುಳುಗಿ, ಮೂರೂವರೆಯ ಹೊತ್ತಿಗೆ ಮತ್ತೆ ಏಳುತ್ತಾನೆ. ನಡುವೆ ಕತ್ತಲೆಯೆಂಬುದೇ ಇಲ್ಲ, ತೆಳುಮಜ್ಜಿಗೆಯಂಥ ಬೆಳಕು. ಅರ್ಘ್ಯಪಾತ್ರೆ ಹಿಡಿದು ಕಿಟಕಿಯ ಬಳಿ ನಿಂತವನಿಗೆ ಇದು ಯಾವ ಸಂಧ್ಯೆಯೆಂದೇ ತಿಳಿಯದು. ನಾನು ಕೈಗಡಿಯಾರವನ್ನೇ ಧರ್ಮಶಾಸ್ತ್ರವೆಂದು ನಂಬಿ ಆ ನಾಲ್ಕು ದಿನ ಕಳೆದೆ.

ನೋಡತಕ್ಕ ಸ್ಥಳಗಳನ್ನು ವಾಚಕರು ಬೇರೆಯವರ ಪ್ರವಾಸಕಥನಗಳಲ್ಲಿ ಓದಿಕೊಳ್ಳಬಹುದು. 1703ರಲ್ಲಿ ಪೀಟರ್ ದೊರೆಯು ನೇವಾ ನದಿಯ ಮುಖದ ಜವುಗುನೆಲದಲ್ಲಿ ಕಟ್ಟಲಾರಂಭಿಸಿದ ಈ ನಗರ, ನೋಡುವವರಿಗಾಗಿಯೇ ಕಟ್ಟಿದಂತಿದೆ. ಚಳಿಗಾಲದ ಅರಮನೆ, ಈಸಾಕ್ ದೇವಾಲಯದ ಹೊನ್ನಿನ ಗುಮ್ಮಟ, ನಡುರಾತ್ರಿಯಲ್ಲಿ ಹಡಗುಗಳಿಗೆ ದಾರಿ ಬಿಡಲು ಎದ್ದು ನಿಲ್ಲುವ ಸೇತುವೆಗಳು, ಎಲ್ಲವನ್ನೂ ನಮ್ಮ ಮಾರ್ಗದರ್ಶಕಿ ಪುಟ್ಟ ಬಾವುಟ ಹಿಡಿದು ಓಡುತ್ತ ತೋರಿಸಿದಳು. ನಾವು ಕುರಿಮಂದೆಯಂತೆ ಹಿಂದೆ ಓಡಿದೆವು. ಮೂವತ್ತು ಲಕ್ಷ ವಸ್ತುಗಳಿರುವ ಹರ್ಮಿಟೇಜ್ ವಸ್ತುಸಂಗ್ರಹಾಲಯಕ್ಕೆ ನಮಗೆ ದೊರೆತ ಕಾಲ ಎರಡೂವರೆ ಗಂಟೆ. ಮನೆಯಾಕೆ ಚಿನ್ನದ ನವಿಲಿನ ಗಡಿಯಾರದ ಮುಂದೆ ನಿಂತುಬಿಟ್ಟಳು. ನಾನು ಹೊತ್ತಾಯಿತೆಂದು ಗದರಿದೆ. ನನ್ನ ಮನಸ್ಸು ಅರಮನೆಯಲ್ಲಿ ಇರಲೇ ಇಲ್ಲ. ನದಿಯಾಚೆಯ ವಾಸಿಲ್ಯೆವ್‌ಸ್ಕಿ ದ್ವೀಪದಲ್ಲಿತ್ತು. ಅಕಾಡೆಮಿಯ ಹಳೆಯ ಕಟ್ಟಡವಿರುವುದು ಅಲ್ಲಿ.

ಆದರೂ ಅರಮನೆಯಲ್ಲಿ ಕೇಳಿದ ಒಂದು ಸಂಗತಿ ಮನಸ್ಸಿನಲ್ಲಿ ನಿಂತಿತು. 1941ರಲ್ಲಿ ಯುದ್ಧ ಬಂದಾಗ ಚಿತ್ರಗಳನ್ನು ಚೌಕಟ್ಟಿನಿಂದ ಬಿಡಿಸಿ ಉರಾಲ್ ಪರ್ವತದ ಕಡೆಗೆ ಸಾಗಿಸಿದರಂತೆ. ಚೌಕಟ್ಟುಗಳನ್ನು ಮಾತ್ರ ಗೋಡೆಯ ಮೇಲೆಯೇ ಬಿಟ್ಟರು. ಶುಚಿಮಾಡಲು ನೆರವಾದ ಸೈನಿಕರಿಗೆ ಅಲ್ಲಿದ್ದ ವಿದ್ವಾಂಸರೊಬ್ಬರು ಆ ಬರಿಯ ಚೌಕಟ್ಟುಗಳ ಮುಂದೆ ನಿಂತು, ಇಲ್ಲಿ ಇಂಥ ಚಿತ್ರವಿತ್ತು, ಅದರ ಬಣ್ಣ ಹೀಗಿತ್ತು ಎಂದು ಬಾಯಿಯಿಂದಲೇ ಚಿತ್ರಗಳನ್ನೆಲ್ಲ ತೋರಿಸಿದರು. ಪುಸ್ತಕವಿಲ್ಲದೆ ಪಾಠ ಹೇಳಿದವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ನನ್ನ ಹುಚ್ಚು ಇನ್ನೊಂದಿತ್ತು. ರಷ್ಯನ್ ಭಾಷೆಯೂ ಸಂಸ್ಕೃತವೂ ದೂರದ ದಾಯಾದಿಗಳಷ್ಟೆ. ಊರು ಬಿಡುವ ಮೊದಲೇ ಒಂದು ಕಿರುಪುಸ್ತಕದಲ್ಲಿ ಜೋಡಿಶಬ್ದಗಳನ್ನು ಬರೆದುಕೊಂಡಿದ್ದೆ. ಅವರ ಅಗೋನ್, ನಮ್ಮ ಅಗ್ನಿ. ಅವರ ನೇಬ, ನಮ್ಮ ನಭಸ್. ದೀಮ್ ಎಂದರೆ ಧೂಮ. ಬ್ರಾತ್ ಎಂದರೆ ಭ್ರಾತೃ. ಜೆನಾ ಎಂದರೆ ಹೆಂಡತಿ, ವೇದದ ಜನಿ. ತಿಂಡಿಯ ಮೇಜಿನಲ್ಲಿ ಇದನ್ನೆಲ್ಲ ವಿವರಿಸುತ್ತಿದ್ದಾಗ ಮನೆಯಾಕೆ, “ಬೆಂಕಿಗೆ ಏನಂತಾರೆ ಅಂತ ಗೊತ್ತಾಯಿತು, ಬಿಸಿನೀರಿಗೆ ಏನಂತಾರೆ, ಕೇಳಿ ತರಿಸಿ” ಎಂದಳು. ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ತಂಡದವರೆಲ್ಲ ನೇವ್‌ಸ್ಕಿ ರಾಜಬೀದಿಯ ಅಂಗಡಿಗಳಲ್ಲಿ ಒಂದರೊಳಗೊಂದು ಅಡಗುವ ಮರದ ಗೊಂಬೆಗಳನ್ನು ಕೊಳ್ಳಲು ಹೋದರು. ಇದೇ ಸಮಯವೆಂದು ನಾನು ಮನೆಯಾಕೆಯನ್ನು ಕರೆದುಕೊಂಡು ನೆಲದಡಿಯ ರೈಲಿಗೆ ಇಳಿದೆ. ಇಳಿದೆನೆಂಬುದು ಅಕ್ಷರಶಃ ಸತ್ಯ. ಮೇಲಿನ ನೆಲ ಜವುಗಾದುದರಿಂದ ಬಹಳ ಆಳದ ಗಟ್ಟಿ ಜೇಡಿಯಲ್ಲಿ ಸುರಂಗ ಕೊರೆದಿದ್ದಾರೆ. ಚಲಿಸುವ ಮೆಟ್ಟಿಲುಗಳ ಮೇಲೆ ಸುಮ್ಮನೆ ನಿಂತಿದ್ದರೂ ಕೆಳಗೆ ಮುಟ್ಟಲು ಎರಡು ಮೂರು ನಿಮಿಷ ಬೇಕು. ಮಂಡಿನೋವಿನ ಹೆಂಗಸು, ಜೊತೆಗೆ ಸಕ್ಕರೆಯ ಕಾಯಿಲೆ. ನನ್ನ ಆತುರದಲ್ಲಿ ಆಕೆ ಮಧ್ಯಾಹ್ನ ಸರಿಯಾಗಿ ಉಂಡಿರಲಿಲ್ಲವೆಂಬುದನ್ನು ನಾನು ವಿಚಾರಿಸಲಿಲ್ಲ. ಕೋಡುಬಳೆಯ ಡಬ್ಬಿಯನ್ನೂ ಭಾರವೆಂದು ಕೋಣೆಯಲ್ಲಿಯೇ ಬಿಡಿಸಿದ್ದೆ.

ಗೋಸ್ತಿನಿ ದ್ವೋರ್ ಎಂಬ ಆ ನಿಲ್ದಾಣದಲ್ಲಿ ರೈಲೇ ಕಾಣುವುದಿಲ್ಲ. ಉದ್ದಕ್ಕೂ ಗೋಡೆ; ಗೋಡೆಯಲ್ಲಿ ಸಾಲಾಗಿ ಕಬ್ಬಿಣದ ಬಾಗಿಲುಗಳು. ರೈಲು ಬಂದಾಗ ಗೋಡೆಯ ಬಾಗಿಲೂ ರೈಲಿನ ಬಾಗಿಲೂ ಕೂಡಿ ತೆರೆಯುತ್ತವೆ. ಮನೆಯಾಕೆ ಮುಂದೆ ಹತ್ತಿದಳು. ಒಳಗಿನಿಂದ ಘೋಷಣೆ ಕೇಳಿಸಿತು: ಬಾಗಿಲುಗಳು ಮುಚ್ಚುತ್ತಿವೆ, ಎಚ್ಚರಿಕೆ ಎಂಬರ್ಥದ ಮಾತು, ಅದರಲ್ಲಿ “ದ್ವೇರಿ” ಎಂಬ ಶಬ್ದ ಸ್ಪಷ್ಟವಾಗಿತ್ತು. “ಕೇಳಿದೆಯಾ? ದ್ವೇರಿ! ದ್ವಾರ!” ಎಂದು ನಾನು ಬೆರಳೆತ್ತಿ ನಿಂತೆ. ದ್ವಾರಶಬ್ದದ ವ್ಯುತ್ಪತ್ತಿಯನ್ನು ಚಿಂತಿಸುತ್ತಿದ್ದವನ ಮೂಗಿನ ಮುಂದೆಯೇ ದ್ವಾರ ಮುಚ್ಚಿಕೊಂಡಿತು. ಗೋಡೆಯಾಚೆ ರೈಲು ಹೊರಟ ಸದ್ದು ಮಾತ್ರ ಕೇಳಿಸಿತು.

ಆಗಿನ ನನ್ನ ಸ್ಥಿತಿಯನ್ನು ಹೇಗೆ ವರ್ಣಿಸಲಿ? ದೂರವಾಣಿಗಳೆರಡೂ ನನ್ನ ಚೀಲದಲ್ಲಿ. ವಸತಿಗೃಹದ ವಿಳಾಸದ ಚೀಟಿಯೂ ನನ್ನಲ್ಲಿಯೇ. ಆಕೆಗೆ ಕನ್ನಡವಲ್ಲದೆ ಬೇರೆ ಮಾತು ಬಾರದು. ಎಲ್ಲಿ ಇಳಿಯಬೇಕೆಂಬುದನ್ನೂ ನಾನು ಹೇಳಿರಲಿಲ್ಲ; ನಲವತ್ತು ವರ್ಷದ ಸಂಸಾರದಲ್ಲಿ ಎಲ್ಲಿಗೆ ಹೋಗುತ್ತೇವೆಂದು ಆಕೆಗೆ ಹೇಳುವ ಪದ್ಧತಿಯೇ ನನಗಿರಲಿಲ್ಲ. ಮೆಟ್ಟಿಲಿನ ಬುಡದ ಗಾಜಿನ ಗೂಡಿನಲ್ಲಿ ಸಮವಸ್ತ್ರದ ಹೆಂಗಸೊಬ್ಬಳು ಕುಳಿತಿದ್ದಳು. ನಾನು ಓಡಿಹೋಗಿ ಕಬ್ಬಿಣದ ಬಾಗಿಲಿನ ಕಡೆ ಕೈತೋರಿಸಿ, “ಜೆನಾ! ಜೆನಾ! ದ್ವೇರಿ!” ಎಂದು ಕೂಗಿದೆ. ನನ್ನ ಭಾಷಾಶಾಸ್ತ್ರವೆಲ್ಲ ಆ ಎರಡು ಶಬ್ದಗಳಿಗೆ ಇಳಿದಿತ್ತು. ಆ ತಾಯಿಗೆ ಅರ್ಥವಾಯಿತು. ದೂರವಾಣಿಯಲ್ಲಿ ಏನನ್ನೋ ಹೇಳಿ, ಒಂದು ಬೆರಳು ತೋರಿಸಿ, ಮುಂದಿನ ರೈಲಿಗೆ ನನ್ನನ್ನು ಹತ್ತಿಸಿದಳು. ಒಂದೇ ನಿಲ್ದಾಣವೆಂದು ಅರ್ಥಮಾಡಿಕೊಂಡೆ. ರೈಲು ನೇವಾ ನದಿಯ ತಳದಡಿಯಲ್ಲಿ ಹೋಗುತ್ತಿದ್ದಷ್ಟು ಹೊತ್ತೂ ಗಾಯತ್ರಿಯೊಂದನ್ನು ಬಿಟ್ಟು ಬೇರೆ ಯಾವ ಸಂಸ್ಕೃತವೂ ನನ್ನ ನೆನಪಿಗೆ ಬರಲಿಲ್ಲ.

ವಾಸಿಲೆಯೊಸ್ತ್ರೋವ್‌ಸ್ಕಯಾ ನಿಲ್ದಾಣದಲ್ಲಿ ಗೋಡೆಯ ಬಾಗಿಲು ತೆರೆದಾಗ ಎದುರಿಗೇ ಆಕೆ ಒಂದು ಮಡಿಸುವ ಕುರ್ಚಿಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಬಿಳಿಯ ವಸ್ತ್ರವನ್ನು ತಲೆಗೆ ಕಟ್ಟಿಕೊಂಡ ಒಬ್ಬ ಮುದುಕಿ ಕೋಲೂರಿ ನಿಂತಿದ್ದಳು. ಇನ್ನೊಂದು ಪಕ್ಕದಲ್ಲಿ ಕಾಲೇಜಿನ ಹುಡುಗಿ. ರೈಲಿನಲ್ಲಿ ನನ್ನಾಕೆ ತಲೆಸುತ್ತಿ ಕಂಬಿ ಹಿಡಿದುಕೊಂಡುದನ್ನು ಕಂಡು ಅವರು ತಾವೂ ಇಳಿದು, ಇವಳನ್ನೂ ಇಳಿಸಿ, ಎಲ್ಲಿಂದಲೋ ಕುರ್ಚಿ ತರಿಸಿದ್ದರು. ಮುದುಕಿ ತನ್ನ ಕೈಚೀಲದಿಂದ ಕಪ್ಪು ರೊಟ್ಟಿಯ ಒಂದು ತುಂಡನ್ನು ತೆಗೆದು ಕೊಟ್ಟಿದ್ದಳು. ಪರಸ್ಥಳದಲ್ಲಿ ಅನ್ಯರ ಕೈಯಿಂದ ಏನನ್ನೂ ಮುಟ್ಟದ ನನ್ನ ಮನೆಯಾಕೆ ಅದನ್ನು ತಿನ್ನುತ್ತಿದ್ದಳು. ನನ್ನನ್ನು ಕಂಡು, “ಬಂದಿರಾ” ಎಂದಳು, ಅಷ್ಟೆ.

ತಿಂದು ಮುಗಿಸಿ ಆಕೆ ಎದ್ದು, ಸೀರೆಯ ಮೇಲೆ ಬಿದ್ದಿದ್ದ ಪುಡಿಯನ್ನು ಕೊಡವಲು ಸೆರಗಿಗೆ ಕೈಹಾಕಿದಳು. ಮುದುಕಿ ಥಟ್ಟನೆ ಆ ಕೈಯನ್ನು ಹಿಡಿದಳು. ಬಗ್ಗಿ, ನೆರಿಗೆಯ ಮೇಲಿನ ಪುಡಿಯನ್ನು ಬೆರಳತುದಿಯಿಂದ ಒಂದೊಂದಾಗಿ ತನ್ನ ಅಂಗೈಗೆ ಆಯ್ದುಕೊಂಡು, ಬಾಯಿಗೆ ಹಾಕಿಕೊಂಡಳು. ನಾವು ಬೆರಗಾಗಿ ನಿಂತೆವು. ಹುಡುಗಿ ನಾಚಿ, ಇಂಗ್ಲಿಷಿನಲ್ಲಿ, “ಅಜ್ಜಿ ಯಾವಾಗಲೂ ಹೀಗೆಯೇ. ದಿಗ್ಬಂಧನದ ಚಳಿಗಾಲದಲ್ಲಿ ಅವಳಿಗೆ ಆರು ವರ್ಷ” ಎಂದಳು.

ದಿಗ್ಬಂಧನವೆಂದರೆ ಆ ಊರಿನಲ್ಲಿ ಒಂದೇ. 1941ನೆಯ ಸೆಪ್ಟೆಂಬರ್ 8ರಿಂದ 1944ನೆಯ ಜನವರಿ 27ರ ತನಕ, 872 ದಿನ, ಜರ್ಮನ್ ಸೈನ್ಯ ಅಂದಿನ ಲೆನಿನ್‌ಗ್ರಾಡನ್ನು ಮುತ್ತಿಕೊಂಡಿತ್ತು. ಮೊದಲ ಚಳಿಗಾಲದಲ್ಲಿ, ನವೆಂಬರ್ 20ರಿಂದ ಡಿಸೆಂಬರ್ 25ರ ವರೆಗೆ, ಮಕ್ಕಳಿಗೂ ದುಡಿಯಲಾರದವರಿಗೂ ದೊರೆತ ದಿನದ ಆಹಾರ 125 ಗ್ರಾಂ ರೊಟ್ಟಿ. ಅದರಲ್ಲಿಯೂ ಹೊಟ್ಟು ಮೊದಲಾದ ಬೆರಕೆ. ನಮ್ಮ ತಂಡ ಹಿಂದಿನ ದಿನ ಈಸಾಕ್ ದೇವಾಲಯದ ಚೌಕದಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಂಡಿತ್ತು. ಅದೇ ಚೌಕದಲ್ಲಿರುವ ವವಿಲೋವ್ ಸಸ್ಯಸಂಸ್ಥೆಯಲ್ಲಿ ಪ್ರಪಂಚದ ನಾನಾ ದೇಶಗಳ ಬಿತ್ತನೆಯ ಕಾಳುಗಳನ್ನು ಕಾಪಾಡುತ್ತಿದ್ದ ವಿಜ್ಞಾನಿಗಳು, ಆ ಕಾಳನ್ನು ಬಾಯಿಗೆ ಹಾಕದೆ ಹಸಿವಿನಿಂದ ಸತ್ತರೆಂದು ಅನಂತರ ತಿಳಿಯಿತು. ದ್ಮಿತ್ರಿ ಇವಾನೋವ್ ಎಂಬಾತ ಅಕ್ಕಿಯ ತಳಿಗಳ ರಕ್ಷಕ. ಸುತ್ತಲೂ ಅಕ್ಕಿಯ ಪೊಟ್ಟಣಗಳಿರುವಾಗಲೇ ಪ್ರಾಣಬಿಟ್ಟ. ಅನ್ನ ಉಣ್ಣುವ ನಾಡಿನವನಾದ ನನಗೆ ಆ ಮಾತು ಇಂದಿಗೂ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಅಕಾಡೆಮಿಗೆ ಹೋದೆವು. ಹುಡುಗಿಯೂ ಮುದುಕಿಯೂ ನದಿಯ ದಂಡೆಯ ತನಕ ದಾರಿ ತೋರಿಸಿ ಬೀಳ್ಕೊಂಡರು. ಎಂಟು ಕಂಬಗಳ ಹಳದಿಯ ಕಟ್ಟಡ, ಎದುರಿಗೆ ವಿಶಾಲವಾದ ನೀರು. ಹೊರಗಿನಿಂದಲೇ ಕೈಮುಗಿದೆ. ಇಪ್ಪತ್ತು ವರ್ಷಗಳ ಕಾಲ ಈ ದೂರದ ಚಳಿಯಲ್ಲಿ ನಮ್ಮ ಶಬ್ದಗಳಿಗೆ ಮೊಳೆ ಜೋಡಿಸಿದವರನ್ನು ನೆನೆದೆ, ಗುರುಗಳನ್ನೂ ನೆನೆದೆ. ಮನೆಯಾಕೆ ಒಂದು ಕಲ್ಲಿನ ಮೇಲೆ ಕುಳಿತು ನದಿಯನ್ನು ನೋಡುತ್ತಿದ್ದಳು. ಬರುವಾಗ ಇದ್ದ ಉತ್ಸಾಹ ನನ್ನಲ್ಲಿ ಇರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. “ರೊಟ್ಟಿಗೆ ಖ್ಲೆಬ್ ಅಂತಾರಂತೆ, ಆಯಮ್ಮ ಹೇಳಿಕೊಟ್ಟಳು. ನಿಮ್ಮ ಪುಸ್ತಕದಲ್ಲಿದೆಯೇ?” ಎಂದು ಆಕೆ ಕೇಳಿದಳು. ಇರಲಿಲ್ಲ. ಅದಕ್ಕೆ ಸಂಸ್ಕೃತದಲ್ಲಿ ಒಡಹುಟ್ಟಿದ ಶಬ್ದ ನನಗೆ ಇನ್ನೂ ದೊರೆತಿಲ್ಲ.

ಮರುದಿನ ತಂಡವು ಕಾರಂಜಿಗಳ ಉದ್ಯಾನವನ್ನು ನೋಡಲು ಹೋಯಿತು. ಮನೆಯಾಕೆ, “ಆಯಮ್ಮನ ಕಡೆಯವರು ಮಲಗಿರೋ ಜಾಗ ನೋಡೋಣ” ಎಂದಳು. ಈ ಸಲ ನಾನು ಆಕೆಯ ಹಿಂದೆ ಹೋದೆ. ಪಿಸ್ಕರ್ಯೋವ್‌ಸ್ಕೊಯೆ ಎಂಬಲ್ಲಿ, ಹುಲ್ಲು ಬೆಳೆದ ಉದ್ದುದ್ದನೆಯ ದಿಬ್ಬಗಳು. 186 ಸಾಮೂಹಿಕ ಸಮಾಧಿಗಳು. ನಾಲ್ಕು ಲಕ್ಷಕ್ಕೂ ಮಿಕ್ಕ ಊರಿನವರನ್ನು ಅಲ್ಲಿ ಹೂಳಿದ್ದಾರೆ. ದಿಬ್ಬದ ತಲೆಯಲ್ಲಿ ಒಂದು ಕಲ್ಲು. ಕಲ್ಲಿನ ಮೇಲೆ ಹೆಸರಿಲ್ಲ, ಇಸವಿ ಮಾತ್ರ: 1942. ನಾಮಲಿಂಗಾನುಶಾಸನವನ್ನು ಕಂಠಪಾಠ ಮಾಡಿ, ಮಾಡಿಸಿ ಆಯುಷ್ಯ ಕಳೆದವನು ಅಲ್ಲಿ ಏನನ್ನು ಓದಬೇಕು?

ಕಲ್ಲುಗಳ ಮೇಲೆ ಜನರು ಹೂವಿನ ಜೊತೆಗೆ ರೊಟ್ಟಿಯ ತುಂಡುಗಳನ್ನೂ ಮಿಠಾಯಿಗಳನ್ನೂ ಇಟ್ಟಿದ್ದರು. ಗೋತ್ರನಾಮಗಳು ತಿಳಿಯದವರಿಗೂ, ಬಂಧುಗಳಿಲ್ಲದವರಿಗೂ ನೀರು ಬಿಡುವ ವಿಧಿ ನಮ್ಮಲ್ಲಿ ಉಂಟು. ಎಳ್ಳಿಲ್ಲ, ದರ್ಭೆಯಿಲ್ಲ, ನಾನು ಕುಡಿಯುವ ನೀರಿನ ಸೀಸೆಯನ್ನು ಹಿಡಿದು ಅನುಮಾನಿಸುತ್ತ ನಿಂತೆ. ಆಕೆ ಚೀಲದಿಂದ ಡಬ್ಬಿಯನ್ನು ತೆಗೆದಳು.

“ನೀರು ನೀವು ಬಿಡಿ. ತಿನ್ನೋದಕ್ಕೆ ನಾನಿಡುತ್ತೇನೆ” ಎಂದಳು.

ಉಳಿದಿದ್ದ ಕೋಡುಬಳೆಗಳು ಐದು. ಐದನ್ನೂ ಇಟ್ಟಳು.